ಪರದೆಯ ಮೇಲಿನ ಪಾಠ

ವಿದ್ಯೆ ಕಲಿಸುವುದಕ್ಕೆ ಮನುಷ್ಯನು ಬಳಸಿಕೊಂಡಿರುವ ಸಾಧನಗಳು ಹಲವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿದ ಕಾಲದಿಂದ ಮೊದಲುಗೊಂಡು ಕರಿಹಲಗೆ, ಭೂಪಟ, ಮಣ್ಣಿನ ಮತ್ತು ಮರದ ಮಾದರಿಗಳವರೆಗೆ ಪ್ರತಿಯೊಂದು ಸಾಧನವೂ ಉಪಾಧ್ಯಾಯನ ಕೆಲಸವನ್ನು ಒಂದು ವಿಧದಲ್ಲಿ ಹಗುರ ಮಾಡಿದೆ. ಇನ್ನೊಂದು ವಿಧದಲ್ಲಿ ಅವನ ಮೇಲೆ ಹೊಸ ಹೊಣೆಯನ್ನು ಹೊರಿಸಿದೆ. ಈ ಸಾಲಿಗೆ ಸೇರಿದ ಸಾಧನಗಳಲ್ಲಿ ಸ್ಲೈಡೂ ಒಂದು. ಕಾಲೇಜುಗಳಲ್ಲಿ ಮಾತ್ರವಲ್ಲ, ನಮ್ಮ ಅನೇಕ ಪ್ರೌಢಶಾಲೆಗಳಲ್ಲಿಯೂ ಇಂದು ಪ್ರೊಜೆಕ್ಟರು ಬಂದು ನೆಲಸಿದೆ. ಗುಂಡಿಯನ್ನು ಒತ್ತಿದೊಡನೆ ಪಾಠವು ಪರದೆಯ ಮೇಲೆ ಮೂಡುತ್ತದೆ. ಚಿತ್ರ, ಸೂತ್ರ, ವ್ಯಾಖ್ಯೆ ಎಲ್ಲವೂ ಅಚ್ಚುಕಟ್ಟಾಗಿ ಕಣ್ಣೆದುರು ನಿಲ್ಲುತ್ತವೆ. ಇದರಿಂದ ವಿದ್ಯಾರ್ಥಿಯ ತಿಳಿವಳಿಕೆ ಬೆಳೆಯುತ್ತದೆಯೆ, ಅಥವಾ ತಿಳಿಯಿತೆಂಬ ಭಾವನೆ ಮಾತ್ರ ಬೆಳೆಯುತ್ತದೆಯೆ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಈ ಸಾಧನವನ್ನು ಬಳಸುವುದು ಉಚಿತವಲ್ಲ. ಸ್ಲೈಡಿನ ಹಿಂದಿರುವ ಬೆಳಕಿನ ಶಾಸ್ತ್ರ, ಅದನ್ನು ನೋಡುವ ಕಣ್ಣಿನ ಶಕ್ತಿ, ನೋಡಿದ್ದನ್ನು ಗ್ರಹಿಸುವ ಮನಸ್ಸಿನ ಮಿತಿ, ಈ ಮೂರನ್ನೂ ಪರಿಶೀಲಿಸಿ ಉತ್ತರವನ್ನು ಹುಡುಕೋಣ.

ಮಾಯಾದೀಪದ ಸಂತತಿ

ಸ್ಲೈಡು ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಹಾಲೆಂಡಿನ ಭೌತವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸನು 1659ರಲ್ಲಿಯೇ ಗಾಜಿನ ಮೇಲಿನ ಚಿತ್ರವನ್ನು ದೀಪ ಮತ್ತು ಮಸೂರಗಳ ನೆರವಿನಿಂದ ಗೋಡೆಯ ಮೇಲೆ ಮೂಡಿಸುವ ಉಪಕರಣವನ್ನು ಯೋಚಿಸಿದ್ದನು. ಆ ಉಪಕರಣಕ್ಕಾಗಿ ಅವನು ಬರೆದಿಟ್ಟ ಚಿತ್ರಗಳು ಕುಣಿಯುವ ಅಸ್ಥಿಪಂಜರದವು. ಜನರು ಅದನ್ನು ಮಾಯಾದೀಪವೆಂದು ಕರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ದೀಪವು ಭೂತಪ್ರೇತಗಳ ಆಟವನ್ನು ಬಿಟ್ಟು ಉಪನ್ಯಾಸ ಮಂದಿರವನ್ನು ಪ್ರವೇಶಿಸಿತು. ಆಮೇಲೆ ಗಾಜಿನ ಫಲಕಗಳ ಸ್ಥಾನದಲ್ಲಿ 35 ಮಿಲಿಮೀಟರು ಅಗಲದ ಫಿಲ್ಮು ಬಂದಿತು. 1987ರಲ್ಲಿ ಪವರ್‌ಪಾಯಿಂಟ್ ಎಂಬ ಗಣಕಕ್ರಮವು ಮೊದಲು ಮಾರಾಟಕ್ಕೆ ಬಂದು, ಸ್ಲೈಡನ್ನು ತಯಾರಿಸಲು ಬೇಕಾಗಿದ್ದ ಛಾಯಾಗ್ರಾಹಕನ ಶ್ರಮವನ್ನೇ ತಪ್ಪಿಸಿತು.

ಈ ಕೊನೆಯ ಬದಲಾವಣೆ ಮೇಲೆ ತೋರುವುದಕ್ಕಿಂತ ದೊಡ್ಡದು. ಹಿಂದೆ ಒಂದು ಸ್ಲೈಡನ್ನು ಮಾಡಿಸಲು ಹಣವೂ ಕಾಲವೂ ವ್ಯಯವಾಗುತ್ತಿದ್ದುದರಿಂದ, ಬೇರೆ ದಾರಿಯಿಲ್ಲದ ಕಡೆ ಮಾತ್ರ ಉಪಾಧ್ಯಾಯನು ಅದಕ್ಕೆ ಕೈಹಾಕುತ್ತಿದ್ದನು. ಚಂದ್ರನ ಮೇಲ್ಮೈ, ರೋಹಿತದ ರೇಖೆಗಳು, ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶ ಇಂಥವು ಸ್ಲೈಡಿನಲ್ಲಿರುತ್ತಿದ್ದವು. ಸೂತ್ರ ಸಾಧನೆಗಳು ಕರಿಹಲಗೆಯ ಮೇಲೆ ಬರುತ್ತಿದ್ದವು. ಇಂದಾದರೋ ಸ್ಲೈಡಿಗೆ ಬೆಲೆಯಿಲ್ಲ. ಆದಕಾರಣ ಬರೆಯಬಹುದಾದುದೆಲ್ಲವೂ ಅದರೊಳಕ್ಕೆ ಸೇರಿಬಿಟ್ಟಿದೆ.

ಉಪಕರಣದ ಮೂಲತತ್ತ್ವ ಮಾತ್ರ ಹೈಗೆನ್ಸನ ಕಾಲದಿಂದ ಬದಲಾಗಿಲ್ಲ. ಪೀನ ಮಸೂರದ ಮುಂದೆ ವಸ್ತುವನ್ನು ಅದರ ಸಂಗಮದೂರಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿಟ್ಟರೆ ಆಚೆಯ ಕಡೆ ದೊಡ್ಡದಾದ, ತಲೆಕೆಳಗಾದ ಸತ್ಯ ಪ್ರತಿಬಿಂಬ ಮೂಡುತ್ತದೆ. ಮಸೂರದ ಸಂಗಮದೂರ 10 ಸೆಂಟಿಮೀಟರು, ಪರದೆಯು ಮಸೂರದಿಂದ 510 ಸೆಂಟಿಮೀಟರು ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಚಿತ್ರವು ಮಸೂರದಿಂದ 10.2 ಸೆಂಟಿಮೀಟರು ದೂರದಲ್ಲಿರಬೇಕೆಂದು ತಿಳಿಯುತ್ತದೆ. ವರ್ಧನೆ 50. ಹಾಗಾಗಿ 36 ಮಿಲಿಮೀಟರು ಅಗಲ, 24 ಮಿಲಿಮೀಟರು ಎತ್ತರದ ಫಿಲ್ಮಿನ ಚಿತ್ರ ಪರದೆಯ ಮೇಲೆ 180 ಸೆಂಟಿಮೀಟರು ಅಗಲ, 120 ಸೆಂಟಿಮೀಟರು ಎತ್ತರವಾಗಿ ಹರಡುತ್ತದೆ. ಉದ್ದವೂ ಅಗಲವೂ ಐವತ್ತು ಪಟ್ಟು ಹೆಚ್ಚಿದಾಗ ವಿಸ್ತೀರ್ಣವು 2,500 ಪಟ್ಟಾಗುತ್ತದೆ; ಫಿಲ್ಮನ್ನು ದಾಟಿ ಬಂದ ಬೆಳಕು ಅಷ್ಟು ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ. ಪ್ರೊಜೆಕ್ಟರಿಗೆ ಪ್ರಖರವಾದ ದೀಪ ಏಕೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಣ್ಣಿನ ಲೆಕ್ಕ

ಪರದೆಯ ಮೇಲೆ ಅಕ್ಷರ ಮೂಡಿದ ಮಾತ್ರಕ್ಕೆ ಅದು ಕೊನೆಯ ಬೆಂಚಿನವನಿಗೆ ಕಂಡಂತಾಗಲಿಲ್ಲ. ಒಂದು ವಸ್ತುವಿನ ಎರಡು ಬಿಂದುಗಳು ನಮ್ಮ ಕಣ್ಣಿಗೆ ಬೇರೆಬೇರೆಯಾಗಿ ತೋರಬೇಕಾದರೆ ಅವು ಕಣ್ಣಿನಲ್ಲಿ ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು, ಕೋನವನ್ನು ಮಾಡಬೇಕು. ಕಣ್ಣಿನ ವೈದ್ಯರಲ್ಲಿ ನೇತುಹಾಕಿರುವ ಅಕ್ಷರಗಳ ಪಟ್ಟಿ ಇದೇ ಲೆಕ್ಕದಿಂದ ಮಾಡಿದ್ದು. ಆರೋಗ್ಯವಾದ ಕಣ್ಣು ಐದು ಕಲೆ ಎತ್ತರದ ಅಕ್ಷರವನ್ನು ಕಷ್ಟಪಟ್ಟು ಓದಬಲ್ಲದು. ಆಯಾಸವಿಲ್ಲದೆ ಓದಬೇಕಾದರೆ ಅದರ ಮೂರರಷ್ಟಾದರೂ ಬೇಕು.

ಇದನ್ನು ತರಗತಿಗೆ ಅನ್ವಯಿಸೋಣ. ಕೊನೆಯ ಸಾಲಿನ ವಿದ್ಯಾರ್ಥಿ ಪರದೆಯಿಂದ 10 ಮೀಟರು ದೂರದಲ್ಲಿ ಕುಳಿತಿದ್ದಾನೆ. ಅಷ್ಟು ದೂರದಲ್ಲಿ ಒಂದು ಕಲೆಯ ಕೋನಕ್ಕೆ ಸುಮಾರು 2.9 ಮಿಲಿಮೀಟರು. ಹದಿನೈದು ಕಲೆಗೆ ಹತ್ತಿರ ಹತ್ತಿರ 4.5 ಸೆಂಟಿಮೀಟರು. ಅಕ್ಷರದ ಮೈ ಕನಿಷ್ಠ ಇಷ್ಟು ಎತ್ತರವಾಗಿರಬೇಕೆಂದಾಯಿತು. ಕನ್ನಡದಲ್ಲಿ ಇಷ್ಟಕ್ಕೇ ಮುಗಿಯದು. ನಮ್ಮ ಅಕ್ಷರದ ತಲೆಯ ಮೇಲೆ ಗುಣಿತದ ಗುರುತು, ಕಾಲಿನ ಕೆಳಗೆ ಒತ್ತಕ್ಷರ ಬರುತ್ತವೆ. ಧಕಾರ ಥಕಾರಗಳ ಭೇದವು ಒಂದು ಚುಕ್ಕೆಯಲ್ಲಿ ಅಡಗಿದೆ. ಆದುದರಿಂದ ಒಂದೊಂದು ಸಾಲಿಗೂ ಅಕ್ಷರದ ಮೂರು ಪಟ್ಟು, ಸುಮಾರು 13 ಸೆಂಟಿಮೀಟರು ಎಡೆ ಬೇಕು. ಪರದೆಯ ಎತ್ತರ 150 ಸೆಂಟಿಮೀಟರಾಗಿದ್ದು, ಮೇಲೆ ಕೆಳಗೆ ಸ್ವಲ್ಪ ಅಂಚು ಬಿಟ್ಟರೆ, ತಲೆಬರಹವನ್ನೂ ಸೇರಿಸಿ ಒಂಬತ್ತು ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಪಠ್ಯಪುಸ್ತಕದ ಒಂದು ಪುಟವನ್ನು ಹಾಗೆಯೇ ಪರದೆಗೆ ಏರಿಸುವ ಪದ್ಧತಿ ಎಷ್ಟು ವ್ಯರ್ಥವೆಂಬುದನ್ನು ಈ ಸಣ್ಣ ಲೆಕ್ಕವೇ ತೋರಿಸಿಕೊಡುತ್ತದೆ.

ಬೆಳಕಿನ ವಿಚಾರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪ್ರೊಜೆಕ್ಟರು ಬಿಳುಪನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಪರದೆಯ ಮೇಲೆ ನಮಗೆ ಕಪ್ಪಾಗಿ ಕಾಣುವ ಜಾಗವೆಂದರೆ ಪ್ರೊಜೆಕ್ಟರಿನ ಬೆಳಕು ಬೀಳದ ಜಾಗ. ಕೋಣೆಯ ಬೆಳಕು ಅಲ್ಲಿಯೂ ಬಿದ್ದೇ ಇರುತ್ತದೆ. 3,000 ಲ್ಯೂಮೆನ್ ಸಾಮರ್ಥ್ಯದ ಪ್ರೊಜೆಕ್ಟರು 3 ಚದರ ಮೀಟರಿನ ಪರದೆಯನ್ನು ಬೆಳಗಿದರೆ ಅಲ್ಲಿ 1,000 ಲಕ್ಸ್ ಬೆಳಕಾಗುತ್ತದೆ. ತೆರೆದ ಕಿಟಕಿಗಳಿಂದ ಪರದೆಗೆ 250 ಲಕ್ಸ್ ಬರುತ್ತಿದ್ದರೆ ಬಿಳುಪಿಗೂ ಕಪ್ಪಿಗೂ ಇರುವ ಪ್ರಮಾಣ 1,250ಕ್ಕೆ 250, ಎಂದರೆ ಐದಕ್ಕೆ ಒಂದು. ಕಿಟಕಿಗಳನ್ನು ಮುಚ್ಚಿ ಅದನ್ನು 20 ಲಕ್ಸಿಗೆ ಇಳಿಸಿದರೆ ಪ್ರಮಾಣವು ಐವತ್ತೊಂದಕ್ಕೆ ಒಂದಾಗುತ್ತದೆ. ಚಿತ್ರವೇನೋ ಉಜ್ಜ್ವಲವಾಯಿತು. ಆದರೆ ಆ ಕತ್ತಲೆಯಲ್ಲಿ ವಿದ್ಯಾರ್ಥಿಗೆ ತನ್ನ ಪುಸ್ತಕ ಕಾಣಿಸದು, ಉಪಾಧ್ಯಾಯನಿಗೆ ವಿದ್ಯಾರ್ಥಿಯ ಮುಖ ಕಾಣಿಸದು. ಅರ್ಥವಾಗದಿದ್ದಾಗ ಹುಬ್ಬು ಗಂಟಿಕ್ಕುವ ಮುಖವನ್ನು ನೋಡದೆ ಪಾಠ ಮಾಡುವುದು, ನಾಡಿಯನ್ನು ಹಿಡಿಯದೆ ಮದ್ದು ಕೊಟ್ಟಂತೆ. ಚಿತ್ರಕ್ಕೆ ಬೇಕಾದಾಗ ಮಾತ್ರ ಕತ್ತಲೆ ಮಾಡಿ, ಉಳಿದ ಹೊತ್ತು ಕಿಟಕಿಗಳನ್ನು ತೆರೆದಿಡುವುದು ಮೇಲು.

ಮನಸ್ಸಿನ ಮಿತಿ

ಕಣ್ಣನ್ನು ದಾಟಿ ಒಳಗೆ ಹೋದ ವಿಷಯವು ಮನಸ್ಸಿನಲ್ಲಿ ನಿಲ್ಲುವುದಕ್ಕೂ ಒಂದು ಮಿತಿಯುಂಟು. ಮನುಷ್ಯನು ಕೂಡಲೇ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಬಿಡಿ ಅಂಶಗಳು ಏಳರ ಆಚೀಚೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದನು. ನೆಲ್ಸನ್ ಕೋವನ್ ಎಂಬಾತನು 2001ರಲ್ಲಿ ಈ ಸಂಖ್ಯೆಯನ್ನು ನಾಲ್ಕರ ಸಮೀಪಕ್ಕೆ ಇಳಿಸಿದನು. ಕೈಯಲ್ಲಿ ಹಿಡಿಯುವಷ್ಟು ಕಾಳುಗಳನ್ನು ಮಾತ್ರ ಕೊಡಬೇಕು. ಮೊರದ ತುಂಬ ಸುರಿದರೆ ಕೈಗೆ ಬಂದಷ್ಟು ಬಂದು ಉಳಿದದ್ದು ನೆಲದ ಪಾಲು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಶೋಧನೆ ಉಪಾಧ್ಯಾಯರಿಗೆ ಬಹಳ ಉಪಯುಕ್ತವಾದುದು. ರಿಚರ್ಡ್ ಮೇಯರ್ ಮತ್ತು ಅವರ ಸಂಗಡಿಗರು ಮಿಂಚು ಹೇಗೆ ಹುಟ್ಟುತ್ತದೆಂಬುದನ್ನು ಚಲಿಸುವ ಚಿತ್ರದ ಮೂಲಕ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಒಂದು ಗುಂಪಿಗೆ ಚಿತ್ರದೊಡನೆ ವಿವರಣೆಯು ಕಿವಿಗೆ ಮಾತ್ರ ಕೇಳಿಸುತ್ತಿತ್ತು. ಇನ್ನೊಂದು ಗುಂಪಿಗೆ ಅದೇ ಮಾತುಗಳು ಪರದೆಯ ಮೇಲೆ ಅಕ್ಷರಗಳಾಗಿಯೂ ಬರುತ್ತಿದ್ದವು. 2001ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎರಡನೆಯ ಗುಂಪು ಹಿಂದೆ ಬಿದ್ದಿತು. ಕಾರಣವೇನೆಂದರೆ, ಚಿತ್ರವನ್ನು ನೋಡಬೇಕಾದ ಕಣ್ಣೇ ಅಕ್ಷರಗಳನ್ನೂ ಓದಬೇಕಾಯಿತು. ಓದಿದ್ದನ್ನೂ ಕೇಳಿದ್ದನ್ನೂ ಹೊಂದಿಸಿ ನೋಡುವ ಕೆಲಸ ಮನಸ್ಸಿಗೆ ಹೆಚ್ಚಾಗಿ ಬಿದ್ದಿತು. ಪರದೆಯ ಮೇಲೆ ಇಡೀ ವಾಕ್ಯಗಳನ್ನು ಬರೆದು, ಅವುಗಳನ್ನೇ ಗಟ್ಟಿಯಾಗಿ ಓದಿ ಹೇಳುವ ಪಾಠವು ವಿದ್ಯಾರ್ಥಿಗೆ ಒತ್ತಾಸೆಯಾಗುವುದರ ಬದಲು ಅಡ್ಡಿಯಾಗುತ್ತದೆ. ಚಿತ್ರ ಕಣ್ಣಿಗೆ, ಮಾತು ಕಿವಿಗೆ ಎಂದು ಕೆಲಸವನ್ನು ಹಂಚಿಕೊಟ್ಟರೆ ಎರಡೂ ಇಂದ್ರಿಯಗಳು ಒಂದಕ್ಕೊಂದು ನೆರವಾಗುತ್ತವೆ.

ಸಿದ್ಧಚಿತ್ರದ ಅಪಾಯ

ಇಷ್ಟನ್ನೂ ಪಾಲಿಸಿ ಅಕ್ಷರವನ್ನು ದೊಡ್ಡದು ಮಾಡಿ, ಸಾಲುಗಳನ್ನು ಕಡಿಮೆ ಮಾಡಿ, ಚಿತ್ರವನ್ನು ಅಂದವಾಗಿ ಬರೆದರೆ ಸ್ಲೈಡು ನಿರ್ದೋಷವಾಯಿತೆ? ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೂ ಉಳಿದಿದೆ. ಸ್ಲೈಡು ಫಲವನ್ನು ತೋರಿಸುತ್ತದೆ, ಫಲಿಸಿದ ಬಗೆಯನ್ನು ಮರೆಮಾಡುತ್ತದೆ.

ಮೇಲೆ ಹೇಳಿದ ಪೀನ ಮಸೂರವನ್ನೇ ತೆಗೆದುಕೊಳ್ಳೋಣ. ಎಲ್ಲ ಪುಸ್ತಕಗಳಲ್ಲಿಯೂ ಇರುವ ಚಿತ್ರ ಅದು: ವಸ್ತುವಿನ ತುದಿಯಿಂದ ಎರಡು ಕಿರಣಗಳು ಹೊರಡುತ್ತವೆ. ಒಂದು ಪ್ರಧಾನಾಕ್ಷಕ್ಕೆ ಸಮಾನಾಂತರವಾಗಿ ಹೋಗಿ ಸಂಗಮಬಿಂದುವಿನ ಮೂಲಕ ಹಾಯುತ್ತದೆ. ಇನ್ನೊಂದು ಮಸೂರದ ನಡುವಿನಲ್ಲಿ ನೇರವಾಗಿ ತೂರಿಹೋಗುತ್ತದೆ. ಎರಡೂ ಸೇರಿದಲ್ಲಿ ಪ್ರತಿಬಿಂಬ. ಸ್ಲೈಡಿನಲ್ಲಿ ಇದು ಒಂದೇ ಕ್ಷಣದಲ್ಲಿ ಪೂರ್ಣವಾಗಿ ಪ್ರತ್ಯಕ್ಷವಾಗುತ್ತದೆ. ವಿದ್ಯಾರ್ಥಿ ನೋಡುತ್ತಾನೆ, ತಲೆದೂಗುತ್ತಾನೆ, ಕೈಯಲ್ಲಿರುವ ಫೋನಿನಿಂದ ಅದರ ಛಾಯಾಚಿತ್ರವನ್ನೂ ತೆಗೆದುಕೊಳ್ಳುತ್ತಾನೆ. ಈಗ ಅವನನ್ನು ಒಂದು ಪ್ರಶ್ನೆ ಕೇಳಿ ನೋಡಬೇಕು: ಮಸೂರದ ಮೇಲಿನ ಅರ್ಧವನ್ನು ಒಂದು ರಟ್ಟಿನಿಂದ ಮುಚ್ಚಿದರೆ ಪ್ರತಿಬಿಂಬಕ್ಕೆ ಏನಾಗುತ್ತದೆ?

ಪ್ರತಿಬಿಂಬದ ಅರ್ಧವು ಮಾಯವಾಗುತ್ತದೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅಮೆರಿಕದ ಗೋಲ್ಡ್‌ಬರ್ಗ್ ಮತ್ತು ಮ್ಯಾಕ್‌ಡರ್ಮಟ್ ಎಂಬ ಇಬ್ಬರು ಸಂಶೋಧಕರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಭಾವನೆ ಎಷ್ಟು ಬಲವಾಗಿದೆಯೆಂಬುದನ್ನು 1987ರಲ್ಲಿ ಪ್ರಕಟಿಸಿದರು. ಬೆಳಕಿನ ಪಾಠವನ್ನು ಮುಗಿಸಿದ್ದವರೂ ಹೀಗೆಯೇ ಉತ್ತರಿಸಿದ್ದರು. ನಿಜವಾಗಿ ನಡೆಯುವುದು ಬೇರೆ. ಪ್ರತಿಬಿಂಬವು ಇಡಿಯಾಗಿಯೇ ಉಳಿಯುತ್ತದೆ; ಅದರ ಕಾಂತಿ ಮಾತ್ರ ಕುಂದುತ್ತದೆ. ಏಕೆಂದರೆ ವಸ್ತುವಿನ ಒಂದೊಂದು ಬಿಂದುವಿನಿಂದಲೂ ಹೊರಡುವ ಅಸಂಖ್ಯಾತ ಕಿರಣಗಳು ಮಸೂರದ ಮೈಯೆಲ್ಲವನ್ನೂ ತುಂಬುತ್ತವೆ. ಅರ್ಧವನ್ನು ಮುಚ್ಚಿದರೂ ಉಳಿದ ಅರ್ಧದ ಮೂಲಕ ಹೋದ ಕಿರಣಗಳು ಅದೇ ಸ್ಥಾನದಲ್ಲಿ ಸಂಧಿಸುತ್ತವೆ. ಚಿತ್ರದಲ್ಲಿದ್ದ ಎರಡು ಗೆರೆಗಳು ಲೆಕ್ಕದ ಅನುಕೂಲಕ್ಕಾಗಿ ನಾವು ಆರಿಸಿಕೊಂಡವು, ಅಷ್ಟೆ. ಸಿದ್ಧಚಿತ್ರವನ್ನು ನೋಡಿದ ವಿದ್ಯಾರ್ಥಿಗೆ ಆ ಎರಡು ಗೆರೆಗಳೇ ಬೆಳಕಿನ ಸರ್ವಸ್ವವಾಗಿಬಿಟ್ಟವು.

ಕರಿಹಲಗೆಯಲ್ಲಿ ಇದೇ ಚಿತ್ರವು ಗೆರೆಗೆರೆಯಾಗಿ ಬೆಳೆಯುತ್ತದೆ. ಮೊದಲ ಕಿರಣವನ್ನು ಎಳೆದು ಉಪಾಧ್ಯಾಯನು ಒಂದು ಗಳಿಗೆ ನಿಲ್ಲುತ್ತಾನೆ. ಇದನ್ನೇ ಏಕೆ ಆರಿಸಿದೆವು, ಇದರ ಕೆಳಗಿನ ಕಿರಣ ಎಲ್ಲಿಗೆ ಹೋದೀತು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯುಂಟು. ಸೀಮೆಸುಣ್ಣ ಚಲಿಸುವ ವೇಗಕ್ಕೂ ಹೊಸ ವಿಷಯವನ್ನು ಅರಗಿಸಿಕೊಳ್ಳುವ ಮನಸ್ಸಿನ ವೇಗಕ್ಕೂ ಒಂದು ಹೊಂದಿಕೆಯಿದೆ. ಹತ್ತು ಹೆಜ್ಜೆಗಳ ಸೂತ್ರಸಾಧನೆಯನ್ನು ಹಲಗೆಯ ಮೇಲೆ ಬರೆಯುವವನು ಹತ್ತು ಕಡೆ ತಡೆದು ನಿಲ್ಲುತ್ತಾನೆ. ಸ್ಲೈಡಿನಲ್ಲಿ ಹತ್ತೂ ಹೆಜ್ಜೆಗಳು ಒಮ್ಮೆಗೇ ದಾಟಿಹೋಗುತ್ತವೆ.

ಮರೆಯಾದ ಒಂದು ಸಾಲು

ಸಿದ್ಧರೂಪದಲ್ಲಿ ಮುಂದಿಟ್ಟ ವಿಷಯವನ್ನು ಪ್ರಶ್ನಿಸದೆ ಒಪ್ಪುವ ಈ ಸ್ವಭಾವ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದುದಲ್ಲ. ನುರಿತ ಎಂಜಿನಿಯರುಗಳ ಸಭೆಯಲ್ಲಿಯೂ ಇದು ಕಾಣಿಸಿಕೊಂಡ ಒಂದು ದಾರುಣ ಉದಾಹರಣೆಯಿದೆ.

2003ರ ಜನವರಿ 16ರಂದು ಅಮೆರಿಕದ ಕೊಲಂಬಿಯ ವ್ಯೋಮನೌಕೆ ಏಳು ಜನರನ್ನು ಹೊತ್ತು ಮೇಲೇರಿತು. ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬರು. ಹೊರಟ ಸುಮಾರು 82 ಸೆಕೆಂಡುಗಳಲ್ಲಿ ಹೊರಗಿನ ಇಂಧನ ತೊಟ್ಟಿಗೆ ಹೊದಿಸಿದ್ದ ನೊರೆಯಂಥ ಹಗುರ ಪದಾರ್ಥದ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ಇದರಿಂದ ಅಪಾಯವಿದೆಯೆ ಎಂದು ವಿಚಾರಿಸಿದ ಎಂಜಿನಿಯರುಗಳು, ನೌಕೆಯು ಇನ್ನೂ ಆಕಾಶದಲ್ಲಿದ್ದಾಗಲೇ, ತಮ್ಮ ಅಭಿಪ್ರಾಯವನ್ನು ಸ್ಲೈಡುಗಳ ರೂಪದಲ್ಲಿ ಮೇಲಧಿಕಾರಿಗಳ ಮುಂದಿಟ್ಟರು. ಅವುಗಳಲ್ಲಿ ಒಂದರ ತಲೆಬರಹವು, ಹಿಂದಿನ ಪರೀಕ್ಷೆಗಳನ್ನು ನೋಡಿದರೆ ಲೆಕ್ಕಾಚಾರವು ಎಚ್ಚರಿಕೆಯ ಪಕ್ಷದಲ್ಲಿಯೇ ಇದೆಯೆಂಬ ಅಭಯವನ್ನು ಸೂಚಿಸುತ್ತಿತ್ತು. ಕೆಳಗೆ ಸಣ್ಣ ಸಣ್ಣ ಸಾಲುಗಳು, ಅವುಗಳ ಕೆಳಗೆ ಇನ್ನೂ ಸಣ್ಣ ಉಪಸಾಲುಗಳು. ಎಲ್ಲಕ್ಕಿಂತ ಕೊನೆಯ ಸಾಲಿನಲ್ಲಿ, ರೆಕ್ಕೆಗೆ ಬಡಿದ ಭಾಗದ ಗಾತ್ರ 1,920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ ತುಂಡಿನದು 3 ಘನ ಅಂಗುಲ ಎಂದು ಬರೆದಿತ್ತು. ಒಂದಕ್ಕೆ ಆರುನೂರ ನಲವತ್ತು! ತಲೆಬರಹದ ಅಭಯವನ್ನು ಬುಡಮೇಲು ಮಾಡಬಲ್ಲ ಈ ಸಂಖ್ಯೆ ಸ್ಲೈಡಿನ ತಳದಲ್ಲಿ ಅಡಗಿಹೋಗಿತ್ತು.

ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ, ರೆಕ್ಕೆಯ ಮುಂಚೂಣಿಯಲ್ಲಿ ಆಗಿದ್ದ ರಂಧ್ರದ ಮೂಲಕ ಬಿಸಿ ಅನಿಲ ನುಗ್ಗಿ ನೌಕೆ ಛಿದ್ರವಾಯಿತು. ಏಳು ಜನರೂ ಮಡಿದರು. ಈ ದುರಂತಕ್ಕೆ ಸ್ಲೈಡೇ ಕಾರಣವೆಂದು ಹೇಳುವುದು ನ್ಯಾಯವಲ್ಲ, ಕಾರಣಗಳು ಹಲವು. ಆದರೆ ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಬಂದ ತನಿಖಾ ಮಂಡಲಿಯ ವರದಿಯು ಈ ಸ್ಲೈಡನ್ನು ಎತ್ತಿ ತೋರಿಸಿತು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಮಾಡಿದ ಅದರ ವಿಮರ್ಶೆಯನ್ನು ಉದ್ಧರಿಸಿತು. ತಾಂತ್ರಿಕ ಪ್ರಬಂಧಗಳಿರಬೇಕಾದ ಸ್ಥಾನವನ್ನು ಸ್ಲೈಡುಗಳು ಆಕ್ರಮಿಸಿವೆಯೆಂದು ಆಕ್ಷೇಪಿಸಿತು. ಒಂದು ವಾದವನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸಿದಾಗ, "ಆದುದರಿಂದ", "ಆದರೆ", "ಹಾಗಿಲ್ಲದಿದ್ದರೆ" ಎಂಬ ಬೆಸುಗೆಯ ಮಾತುಗಳು ಬಿದ್ದುಹೋಗುತ್ತವೆ. ವಿಚಾರದ ಜೀವ ಇರುವುದು ಆ ಬೆಸುಗೆಗಳಲ್ಲಿಯೇ.

ಮಾತಿಲ್ಲದ ಸ್ಲೈಡು

ಹಾಗಾದರೆ ಸ್ಲೈಡನ್ನು ತರಗತಿಯಿಂದ ಹೊರಗೆ ಹಾಕಬೇಕೆ? ಖಂಡಿತ ಬೇಡ. ಅದರಿಂದ ಮಾತ್ರವೇ ಆಗತಕ್ಕ ಕೆಲಸಗಳಿವೆ. ಒಂದನ್ನು ಇಲ್ಲಿ ವಿವರಿಸುತ್ತೇವೆ.

1932ರ ಆಗಸ್ಟ್ 2ರಂದು ಕ್ಯಾಲಿಫೋರ್ನಿಯದಲ್ಲಿ ಕಾರ್ಲ್ ಆಂಡರ್‌ಸನ್ ಎಂಬ ಯುವ ವಿಜ್ಞಾನಿ ಮೇಘಕೋಷ್ಠದ ಒಂದು ಛಾಯಾಚಿತ್ರವನ್ನು ಪಡೆದನು. ವಿದ್ಯುದಂಶವುಳ್ಳ ಕಣವು ಹಾದುಹೋದ ದಾರಿಯಲ್ಲಿ ಮಂಜಿನ ಹನಿಗಳು ಸಾಲುಗಟ್ಟಿ ಗೆರೆಯಾಗುವಂತೆ ಮಾಡುವ ಉಪಕರಣ ಅದು. ಸುತ್ತಲೂ ಪ್ರಬಲವಾದ ಕಾಂತಕ್ಷೇತ್ರವಿದ್ದುದರಿಂದ ಗೆರೆಯು ಬಾಗುತ್ತದೆ. ಚಿತ್ರದ ನಡುವೆ 6 ಮಿಲಿಮೀಟರು ದಪ್ಪದ ಸೀಸದ ಫಲಕ ಅಡ್ಡಲಾಗಿದೆ. ಅದರ ಕೆಳಗೆ ಸ್ವಲ್ಪ ಬಾಗಿದ ಗೆರೆ. ಮೇಲೆ ಅದೇ ಗೆರೆ ಹೆಚ್ಚು ಬಾಗಿದೆ. ಚಿತ್ರದಲ್ಲಿರುವುದು ಇಷ್ಟೆ.

ಈ ಚಿತ್ರವನ್ನು ಒಂದು ಅಕ್ಷರವನ್ನೂ ಸೇರಿಸದೆ ಪರದೆಯ ಮೇಲೆ ಮೂಡಿಸಿ, ಕಣವು ಯಾವ ಕಡೆಯಿಂದ ಬಂದಿತು ಎಂದು ತರಗತಿಯನ್ನು ಕೇಳಬೇಕು. ಉತ್ತರಕ್ಕಾಗಿ ಕಾಯಬೇಕು. ಮೇಲಿನಿಂದ ಬಂದಿರಬೇಕು, ವಿಶ್ವಕಿರಣಗಳು ಆಕಾಶದಿಂದ ಬರುವುವಲ್ಲವೆ ಎಂದು ಕೆಲವರು ಹೇಳಿಯಾರು. ಆಗ ಎರಡನೆಯ ಪ್ರಶ್ನೆ: ಹೆಚ್ಚು ಬಾಗುವುದು ವೇಗದ ಕಣವೋ, ಶಕ್ತಿ ಕುಂದಿದ ಕಣವೋ? ಶಕ್ತಿ ಕುಂದಿದ ಕಣ. ಸೀಸವನ್ನು ದಾಟುವಾಗ ಶಕ್ತಿ ಹೆಚ್ಚುವುದೆ, ಕುಗ್ಗುವುದೆ? ಕುಗ್ಗುವುದು. ಹಾಗಿದ್ದ ಮೇಲೆ ಹೆಚ್ಚು ಬಾಗಿದ ಮೇಲ್ಭಾಗವೇ ದಾರಿಯ ಕೊನೆ. ಕಣವು ಕೆಳಗಿನಿಂದ ಮೇಲಕ್ಕೆ ಸಾಗಿದೆ! ದಿಕ್ಕು ತಿಳಿಯಿತು, ಕಾಂತಕ್ಷೇತ್ರದ ದಿಕ್ಕೂ ತಿಳಿದಿದೆ. ಬಾಗಿದ ಕಡೆಯನ್ನು ನೋಡಿ ಕಣದ ವಿದ್ಯುದಂಶ ಧನವೆಂದು ವಿದ್ಯಾರ್ಥಿಗಳೇ ನಿರ್ಣಯಿಸಬಲ್ಲರು. ಧನವಾದ ಕಣ ಪ್ರೋಟಾನ್ ಆಗಿರಬಾರದೆ? ಆಗಿದ್ದರೆ ಅಷ್ಟು ಬಾಗಿದ ಪ್ರೋಟಾನು ಸ್ವಲ್ಪ ದೂರದಲ್ಲಿಯೇ ನಿಂತುಹೋಗುತ್ತಿತ್ತು. ಚಿತ್ರದಲ್ಲಿರುವ ಗೆರೆ ಅದರ ಹತ್ತು ಪಟ್ಟಿಗಿಂತ ಕಡಿಮೆಯಿಲ್ಲ. ಎಲೆಕ್ಟ್ರಾನಿನಷ್ಟು ಹಗುರವಾಗಿದ್ದು ಧನವಿದ್ಯುದಂಶವನ್ನು ಹೊತ್ತ ಒಂದು ಹೊಸ ಕಣ ಇದಾಗಿರಲೇಬೇಕು. ಪಾಸಿಟ್ರಾನ್ ಸಿಕ್ಕಿದ್ದು ಹೀಗೆ. ಆಂಡರ್‌ಸನ್ನನಿಗೆ 1936ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದಿತು.

ಈ ಛಾಯಾಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದರಲ್ಲಿ ಅರ್ಥವಿಲ್ಲ. ಬರೆದದ್ದು ಉಪಾಧ್ಯಾಯನ ಮಾತಾಗುತ್ತದೆ, ಛಾಯಾಚಿತ್ರವಾದರೋ ಪ್ರಕೃತಿಯ ಸಾಕ್ಷ್ಯ. ಇಲ್ಲಿ ಸ್ಲೈಡು ಉತ್ತರವನ್ನು ಒಪ್ಪಿಸಲಿಲ್ಲ, ಸಾಕ್ಷ್ಯವನ್ನು ಮುಂದಿಟ್ಟಿತು. ತೀರ್ಪನ್ನು ಕೊಟ್ಟವರು ವಿದ್ಯಾರ್ಥಿಗಳು. ಒಂದೇ ಸ್ಲೈಡು ಅರ್ಧ ಗಂಟೆಯ ಪಾಠಕ್ಕೆ ಸಾಕಾಯಿತು.

ಬಳಕೆಯ ಕ್ರಮ

ಮೇಲಿನ ವಿಚಾರಗಳಿಂದ ಕೆಲವು ಸೂಚನೆಗಳನ್ನು ಹೊರಡಿಸಬಹುದು.

ಮೊದಲನೆಯದಾಗಿ, ನೋಡಲೇಬೇಕಾದುದನ್ನು ಸ್ಲೈಡಿಗೆ ಬಿಡಬೇಕು. ಕಟ್ಟಬೇಕಾದುದನ್ನು ಹಲಗೆಯ ಮೇಲೆ ಕಟ್ಟಬೇಕು. ಛಾಯಾಚಿತ್ರ, ನಕ್ಷೆ, ಅಳತೆಗಳಿಂದ ಬಂದ ರೇಖಾಲೇಖ, ಚಲನೆಯ ಚಿತ್ರ ಇವು ಮೊದಲ ಬಗೆ. ಸೂತ್ರಸಾಧನೆ, ಕಿರಣಚಿತ್ರ, ಲೆಕ್ಕ ಇವು ಎರಡನೆಯ ಬಗೆ.

ಎರಡನೆಯದಾಗಿ, ಕಟ್ಟಬೇಕಾದ ಚಿತ್ರವನ್ನು ಸ್ಲೈಡಿನಲ್ಲಿಯೇ ತೋರಿಸಬೇಕಾಗಿ ಬಂದರೆ ಅದನ್ನು ಹಂತಹಂತವಾಗಿ ತೆರೆಯಬೇಕು. ಒಂದು ಹಂತದಿಂದ ಮುಂದಿನದಕ್ಕೆ ಹೋಗುವ ಮೊದಲು, ಇನ್ನೇನು ಬರಬಹುದೆಂದು ವಿದ್ಯಾರ್ಥಿಗಳಿಂದ ಹೇಳಿಸಬೇಕು.

ಮೂರನೆಯದಾಗಿ, ತಲೆಬರಹವು ಉತ್ತರವನ್ನು ಸಾರುವುದಕ್ಕಿಂತ ಪ್ರಶ್ನೆಯನ್ನು ಕೇಳುವುದು ಒಳ್ಳೆಯದು. "ಪೀನ ಮಸೂರದ ಪ್ರತಿಬಿಂಬ" ಎನ್ನುವುದರ ಬದಲು "ಅರ್ಧ ಮಸೂರಕ್ಕೆ ಅರ್ಧ ಪ್ರತಿಬಿಂಬವೆ?" ಎಂದು ಬರೆದರೆ ತರಗತಿ ಎಚ್ಚರಗೊಳ್ಳುತ್ತದೆ.

ನಾಲ್ಕನೆಯದಾಗಿ, ಪ್ರಯೋಗವನ್ನೇ ಮಾಡಿ ತೋರಿಸಬಹುದಾದಲ್ಲಿ ಸ್ಲೈಡನ್ನು ನೆಚ್ಚಬಾರದು. ಪ್ರಯೋಗಶಾಲೆಯ ಒಂದು ಮಸೂರದಿಂದ ಕಿಟಕಿಯ ಪ್ರತಿಬಿಂಬವನ್ನು ಬಿಳಿಯ ಕಾಗದದ ಮೇಲೆ ಹಿಡಿದು, ಅರ್ಧ ಮಸೂರವನ್ನು ರಟ್ಟಿನಿಂದ ಮುಚ್ಚಿ ತೋರಿಸಲು ಎರಡು ನಿಮಿಷ ಸಾಕು, ವಿದ್ಯುತ್ತೂ ಬೇಡ.

ಕೊನೆಯದಾಗಿ, ಸ್ಲೈಡುಗಳ ಪ್ರತಿಯನ್ನು ವಿದ್ಯಾರ್ಥಿಗಳಿಗೆ ಹಂಚುವುದು ಟಿಪ್ಪಣಿಯನ್ನು ಕೊಟ್ಟಂತಾಗದು. ಅದರಲ್ಲಿ ಬೆಸುಗೆಯ ಮಾತುಗಳಿಲ್ಲ. ಪಾಠವಾದ ಮೇಲೆ, ಕಂಡ ಚಿತ್ರದಿಂದ ಯಾವ ತೀರ್ಮಾನಕ್ಕೆ ಏಕೆ ಬಂದೆವೆಂಬುದನ್ನು ವಿದ್ಯಾರ್ಥಿಯು ತನ್ನ ಸ್ವಂತ ವಾಕ್ಯಗಳಲ್ಲಿ ಬರೆಯುವಂತೆ ಮಾಡಬೇಕು. ಹಾಗೆ ಬರೆಯಲಾರದೆ ಅವನು ತಡವರಿಸಿದ ಕಡೆಯೇ ಮರುದಿನದ ಪಾಠದ ಆರಂಭ.

ಹೈಗೆನ್ಸನ ದೀಪವು ಅಸ್ಥಿಪಂಜರವನ್ನು ಕುಣಿಸಿ ನೋಡುವವರನ್ನು ಬೆರಗುಗೊಳಿಸಲು ಹುಟ್ಟಿತು. ವಿಜ್ಞಾನವು ಬೇಡುವುದು ಬೆರಗಿನ ಜೊತೆಗೆ ವಿಚಾರವನ್ನು. ಪರದೆಯ ಮೇಲಿನ ಬೆಳಕು ಆರಿದ ಮೇಲೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಏನು ಉಳಿದಿದೆಯೆಂದು ಪರೀಕ್ಷಿಸುವ ಉಪಾಧ್ಯಾಯನ ಕೈಯಲ್ಲಿ ಸ್ಲೈಡು ಉತ್ತಮವಾದ ಉಪಕರಣ. ಪರದೆಯನ್ನು ಬೆಳಗಿಸಿದೊಡನೆ ತನ್ನ ಕೆಲಸ ಮುಗಿಯಿತೆಂದು ಭಾವಿಸಿದವನಿಗೆ ಅದು ಇನ್ನೂ ಮಾಯಾದೀಪವೇ.